ಮಟ್ಟ ಹೊಡೆದ ಜಾಗ

ನಾನು ಹೇಳಿದ್ದು ಎರಡೇ ಪದ: ಖಾಲಿ ಜಾಗ. ಅಷ್ಟು ಹೇಳುವುದಕ್ಕೆ ಅರ್ಧ ಉಸಿರು ಸಾಕಾಯಿತು. ಅದನ್ನು ವಾಪಸ್ಸು ತೆಗೆದುಕೊಳ್ಳುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು, ಅದೂ ಅರ್ಧಂಬರ್ಧ.

ನನ್ನ ಕೆಲಸ ನಕ್ಷೆ ಮಾಡುವುದು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಮುಂದಿನ ಇಪ್ಪತ್ತು ವರ್ಷ ಎಲ್ಲಿ ಮನೆ ಏಳಬೇಕು, ಎಲ್ಲಿ ರಸ್ತೆ ಹೋಗಬೇಕು, ಯಾವ ಗದ್ದೆ ಗದ್ದೆಯಾಗಿಯೇ ಉಳಿಯಬೇಕು ಎಂದು ಒಂದು ಪ್ರಾದೇಶಿಕ ಯೋಜನೆ ತಯಾರಾಗುತ್ತಿತ್ತು. ಅದರ ಸರ್ವೆ ಗುತ್ತಿಗೆ ಹಿಡಿದ ಖಾಸಗಿ ಕಂಪನಿಯಲ್ಲಿ ನಾನಿದ್ದೆ, ನನ್ನ ಜೊತೆ ಮದ್ದೂರಿನ ಚಂದನ. ಊರೂರು ತಿರುಗಿ, ಯಾವ ಜಾಗ ಈಗ ಏನಾಗಿದೆ ಎಂದು ಟ್ಯಾಬಿನಲ್ಲಿ ಗುರುತು ಹಾಕಿಕೊಳ್ಳುವುದು, ಆಫೀಸಿಗೆ ಬಂದು ಬಣ್ಣ ತುಂಬುವುದು. ಹಳದಿ ಎಂದರೆ ಮನೆ, ಹಸಿರು ಎಂದರೆ ಬೆಳೆ. ಸ್ಮಶಾನಕ್ಕೂ ಒಂದು ಗುರುತು ಇದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದೆ ಆದ ತಪ್ಪು ಎಂದು ಯಾರೂ ನನ್ನ ಪರ ವಹಿಸಬೇಕಾಗಿಲ್ಲ.

ಚಂದನ ಮತ್ತು ನಾನು ಮಂಡ್ಯದಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಮನೆ ಕೇಳಲು ಹೋದ ದಿನ ಓನರ್ ಇಂದ್ರಮ್ಮ ಕಾಫಿ ಕೊಟ್ಟು, "ನೀವು ಯಾವ ಜನ ಕಣಮ್ಮ?" ಎಂದು ಕೇಳಿದ್ದರು. ಚಂದನ ತಮ್ಮದು ಇಂಥ ಜನ ಎಂದು ಹೇಳಿ, ನನ್ನ ಕಡೆ ಕೈ ಮಾಡಿ, "ಇವ್ಳೂ ನಮ್ಮೋಳೇ ಆಂಟಿ" ಅಂದಳು. ಅವಳು ಹಾಗೆಂದೇ ತಿಳಿದಿದ್ದಳು, ನನ್ನನ್ನು ಯಾವತ್ತೂ ಕೇಳಿರಲಿಲ್ಲ. ನಾನು ಕಾಫಿ ಕುಡಿದೆ. ಎರಡು ವರ್ಷ ಆ ಮನೆಯಲ್ಲಿ ನೆಮ್ಮದಿಯಾಗಿ ಸುಳ್ಳಾಗಿ ಬದುಕಿದೆ.

ನಮ್ಮೂರು ಬೋರೆಕೊಪ್ಪಲು, ಕೊತ್ತತ್ತಿ ದಾಟಿ ನಾಲೆ ಪಕ್ಕ. ನಮ್ಮ ಕೇರಿಗೂ ನಾಲೆ ಏರಿಗೂ ಮಧ್ಯೆ ಒಂದೂಕಾಲು ಎಕರೆ ಜಾಗವಿದೆ. ಕಾಗದದಲ್ಲಿ ಅದು ಸರ್ಕಾರಿ ಖರಾಬು, ಅಂದರೆ ಯಾರದ್ದೂ ಅಲ್ಲ, ಯಾತಕ್ಕೂ ಅಲ್ಲ. ನಮ್ಮ ಕೇರಿಯವರು ತಾತಮುತ್ತಾತರ ಕಾಲದಿಂದ ತಮ್ಮ ಹೆಣಗಳನ್ನು ಅಲ್ಲೇ ಮಣ್ಣು ಮಾಡಿಕೊಂಡು ಬಂದಿದ್ದಾರೆ. ಒಂಬತ್ತು ವರ್ಷದ ಹಿಂದೆ ನಮ್ಮಪ್ಪ ಮಹದೇವುವನ್ನೂ ಅಲ್ಲೇ ಮಣ್ಣು ಮಾಡಿದರು. ಹೆಸರು ಕೆತ್ತಿಸುವುದು, ಕಟ್ಟೆ ಕಟ್ಟಿಸುವುದು ನಮ್ಮಲ್ಲಿಲ್ಲ. ಒಂದು ಗುಡ್ಡೆ ಮಣ್ಣು, ತಲೆ ಕಡೆಗೊಂದು ಕಾಡುಗಲ್ಲು. ಯಾರು ಎಲ್ಲಿ ಮಲಗಿದ್ದಾರೆ ಎಂಬುದು ಮನೆಯವರಿಗೆ ಗೊತ್ತಿರುತ್ತದೆ.

ಸರ್ವೆ ನಮ್ಮೂರಿನ ಕಡೆ ಬರುವ ಹಿಂದಿನ ವಾರ ದೊಡ್ಡಪ್ಪ ಚಿಕ್ಕಬೋರಯ್ಯನಿಗೆ ಫೋನ್ ಮಾಡಿದೆ. ಅಪ್ಪನ ಅಣ್ಣ, ಕೇರಿಯ ಯಜಮಾನ.

"ದೊಡ್ಡಪ್ಪ, ಮುಂದಿನ ವಾರ ನಾವೇ ಸರ್ವೆಗೆ ಬರ್ತೀವಿ. ನಮ್ಮ ಸುಡುಗಾಡನ್ನ ನಕ್ಷೆಗೆ ಸೇರಿಸಿಬಿಡ್ತೀನಿ. ಆಮೇಲೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ."

ದೊಡ್ಡಪ್ಪ ಅಂದ: "ಮಾದೇವು ಇರ್ಬೇಕಾಗಿತ್ತು ಕಣವ್ವ, ನೋಡಕ್ಕೆ."

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಮನುಷ್ಯಳು. "ಒಂದ್ ವಿಷ್ಯ ದೊಡ್ಡಪ್ಪ, ನಾನು ಬಂದಾಗ ಮಾತಾಡಿಸ್ಬೇಡ. ಆಫೀಸ್ನೋರು ಇರ್ತಾರೆ. ನಮ್ಮೋರು ಅಂತ ಗೊತ್ತಾದ್ರೆ ಪಕ್ಷಪಾತ ಅಂತಾರೆ" ಅಂದೆ. ಪಕ್ಷಪಾತದ ಮಾತು ಆಗ ತಾನೆ ಹುಟ್ಟಿಸಿಕೊಂಡದ್ದು. ದೊಡ್ಡಪ್ಪ ನಂಬಿದ. "ಆಯ್ತು ಬುಡವ್ವ, ನಿನ್ ಕೆಲ್ಸಕ್ ತೊಂದ್ರೆ ಆಗ್ಬಾರ್ದು" ಅಂದ.

ಆ ವಾರ ಕೇರಿಯಲ್ಲಿ ಏನು ನಡೆಯಿತೆಂದು ನನಗೆ ಆಮೇಲೆ ಗೊತ್ತಾಯಿತು. ನಮ್ಮ ಕೇರಿಗೆ ಅಧಿಕಾರಿ ಬರುತ್ತಾರೆ ಅಂದರೆ ಮೊದಲು ಆಗುವ ಕೆಲಸ ಗುಡಿಸುವುದು. ತಹಸೀಲ್ದಾರರು ಬಂದರೂ ಅಷ್ಟೆ, ಪೋಲಿಯೊ ಹನಿ ಹಾಕುವವರು ಬಂದರೂ ಅಷ್ಟೆ. ಕೊಳಕಾಗಿದ್ದೀರಿ ಎಂದು ಅನ್ನಿಸಿಕೊಂಡು ಅನ್ನಿಸಿಕೊಂಡು ಬಂದ ಅಭ್ಯಾಸ ಅದು. ಈ ಸಲವಂತೂ ಬರುವವಳು ಮನೆಯ ಮಗಳು. ಮುಳ್ಳು, ಲಂಟಾನ, ಕಲ್ಲು ತುಂಬಿದ ಜಾಗ ನೋಡಿ ಅವಳಿಗೆ ಅವಮಾನ ಆಗಬಾರದೆಂದು ದೊಡ್ಡಪ್ಪ ಮನೆಗೊಂದಾಳು ಕರೆದ. ಪೊದೆ ಕಡಿದರು. ಗುಡ್ಡೆಗಳನ್ನು ಇಳಿಸಿ ಟ್ರ್ಯಾಕ್ಟರಿನಲ್ಲಿ ಮಟ್ಟ ಹೊಡೆಸಿದರು. ತಲೆಗಲ್ಲುಗಳನ್ನು ಕಿತ್ತು ಹೊಂಗೆ ಮರದ ಕೆಳಗೆ ಒಟ್ಟಿದರು. ಯಾರು ಎಲ್ಲಿ ಎಂದು ನಮಗೆ ಗೊತ್ತಲ್ಲ, ಕಲ್ಲು ಯಾಕೆ ಎಂದುಕೊಂಡರು. ಒಟ್ಟಿನಲ್ಲಿ, ಸುಡುಗಾಡು ಸುಡುಗಾಡಿನಂತೆ ಕಾಣಬಾರದು ಎಂದು ಮೂರು ದಿನ ಬೆವರು ಸುರಿಸಿದರು, ನನಗೋಸ್ಕರ.

ಸರ್ವೆಯ ದಿನ ನಾವು ಹೋದಾಗ ಆ ಜಾಗ ಕಣ ಮಾಡಿದ ಹಾಗೆ ನುಣ್ಣಗಿತ್ತು. ಅಂಚಿನಲ್ಲಿ ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ನಿಂತಿದ್ದ. ಮಾತು ಕೊಟ್ಟಿದ್ದನಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಚಂದನ ಟ್ಯಾಬ್ ಹಿಡಿದು ಕೇಳಿದಳು: "ಇದೇನೇ ಸೌಮ್ಯ, ಸೈಟ್ ಮಾಡೋಕೆ ಮಟ್ಟ ಹೊಡ್ದವ್ರಾ? ಅಲ್ಲಿ ನಿಂತವ್ರನ್ನ ಕೇಳೋಣ್ವಾ?"

ಕೇಳಿದರೆ ದೊಡ್ಡಪ್ಪ ಹೇಳುತ್ತಾನೆ: ನಮ್ಮ ಕೇರಿಯ ಸುಡುಗಾಡು. ಆಮೇಲೆ ಚಂದನ ಅವನ ಮುಖ ನೋಡುತ್ತಾಳೆ, ನನ್ನ ಮುಖ ನೋಡುತ್ತಾಳೆ. ಇಬ್ಬರದ್ದೂ ಒಂದೇ ಮೂಗು. ಆ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಸತ್ತವರಲ್ಲ, ಇಂದ್ರಮ್ಮನ ಮನೆ.

"ಏನ್ ಕೇಳೋದು, ಖಾಲಿ ಜಾಗ" ಅಂದೆ. ಅವಳು ಫೋಟೊ ತೆಗೆದು ಹಾಗೇ ಗುರುತು ಹಾಕಿದಳು.

ಆಫೀಸಿಗೆ ಹೋಗಿ ಒಬ್ಬಳೇ ಇರುವಾಗ ತಿದ್ದುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ತಿದ್ದಿದರೆ ಯಾರು ತಿದ್ದಿದರೆಂದು ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಚಂದನ ಯಾಕೆಂದು ಕೇಳುತ್ತಾಳೆ. ನಾಳೆ ನಾಡಿದ್ದು ಎನ್ನುತ್ತ ನಾಲ್ಕು ತಿಂಗಳು ಕಳೆದವು. ಕರಡು ಯೋಜನೆ ಹೊರಬಿದ್ದಾಗ ಆ ಒಂದೂಕಾಲು ಎಕರೆಯೂ ಅದರ ಪಕ್ಕದ ಗದ್ದೆಗಳೂ ಹಳದಿಯಾಗಿದ್ದವು. ವಸತಿ ಬಡಾವಣೆ, ನಡುವೆ ಅರವತ್ತು ಅಡಿ ರಸ್ತೆ. ರಸ್ತೆ ಸರಿಯಾಗಿ ನಮ್ಮಪ್ಪನ ಮೇಲೆಯೇ ಹೋಗುತ್ತಿತ್ತೋ ಪಕ್ಕದಲ್ಲಿ ಹೋಗುತ್ತಿತ್ತೋ ನನಗೆ ತಿಳಿಯಲಿಲ್ಲ.

ಸಾರ್ವಜನಿಕರ ಅಹವಾಲು ಸಭೆ ಕೊತ್ತತ್ತಿ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ವಧೂವರರು ಕೂರುವ ವೇದಿಕೆಯ ಮೇಲೆ ಯೋಜನಾ ಪ್ರಾಧಿಕಾರದ ಅಧಿಕಾರಿ ಅರುಂಧತಿ ಮೇಡಮ್, ಪಕ್ಕದ ಮೇಜಿನಲ್ಲಿ ನಡಾವಳಿ ಬರೆಯಲು ನಾನು, ಪರದೆಯ ಮೇಲೆ ನಕ್ಷೆ ತೋರಿಸಲು ಚಂದನ. ಮೊದಲ ಒಂದು ಗಂಟೆ ತಮಾಷೆಯಾಗಿಯೇ ಹೋಯಿತು. ಒಬ್ಬರು ನನ್ನ ಗದ್ದೆ ಯಾಕೆ ಹಳದಿ ಮಾಡಿದಿರಿ ಎಂದು ಜಗಳಕ್ಕೆ ಬಂದರೆ ಇನ್ನೊಬ್ಬರು ನನ್ನದು ಯಾಕೆ ಮಾಡಲಿಲ್ಲ ಎಂದು ಬಂದರು. ನಮ್ಮೂರಿನ ಕೆಂಪಯ್ಯ, ನಾಲೆ ಕೆಳಗೆ ನಾಲ್ಕೆಕರೆ ಇಟ್ಟುಕೊಂಡವರು, ನಮ್ಮ ಕೇರಿಗೆ ಎಂದೂ ಕಾಲಿಡದೆ ನನ್ನ ಗುರುತಿಲ್ಲದವರು, ಎದ್ದು ನಿಂತು, "ನಂದು ಅರ್ಧ ಅಳ್ದಿ ಅರ್ಧ ಅಸ್ರು ಮಾಡಿದ್ದೀರಲ್ಲ, ನಾನೇನ್ ಪಾರ್ಟಿ ಬಾವುಟವಾ?" ಅಂದರು. ಮಂಟಪವೆಲ್ಲ ನಕ್ಕಿತು.

ಆಮೇಲೆ ದೊಡ್ಡಪ್ಪ ಎದ್ದ. ಅವನ ಹಿಂದೆ ಕೇರಿಯ ಇಪ್ಪತ್ತು ಜನ. ಅವರಲ್ಲಿ ಪಟ್ಟಲಮ್ಮ ಅತ್ತೆಯೂ ಇದ್ದಳು, ನಮ್ಮ ಪಕ್ಕದ ಮನೆಯವಳು, ಅಪ್ಪ ಸತ್ತ ವಾರ ನಮಗೆಲ್ಲ ಅನ್ನ ಬೇಯಿಸಿ ಹಾಕಿದವಳು. ಅವಳು ಕೂತಲ್ಲಿಂದಲೇ, "ನಮ್ ಅಟ್ಟಿಯೋರು, ಮಕ್ಳು ಎಲ್ಲ ಅಲ್ಲೇ ಮಲ್ಗವ್ರೆ ಕಣ್ರವ್ವ, ಅವ್ರ್ ಮ್ಯಾಲೆ ಮನೆ ಕಟ್ಟಿಸ್ಬೇಡಿ" ಅಂದಳು.

ಅರುಂಧತಿ ಮೇಡಮ್ ಚಂದನಳ ಕಡೆ ನೋಡಿದರು. ಪರದೆಯ ಮೇಲೆ ಸರ್ವೆ ದಿನದ ಫೋಟೊ ಬಂತು: ಗುಡಿಸಿ ನುಣ್ಣಗಾದ ನೆಲ, ಒಂದು ಕಲ್ಲಿಲ್ಲ, ಒಂದು ಗುಡ್ಡೆಯಿಲ್ಲ.

"ಸ್ಥಳ ಪರಿಶೀಲನೆಯಲ್ಲಿ ಖಾಲಿ ಜಾಗ ಅಂತ ಬಂದಿದೆಯಲ್ಲಪ್ಪ. ಸಮಾಧಿ ಎಲ್ಲಿವೆ ಇಲ್ಲಿ?" ಎಂದು ಮೇಡಮ್ ಕೇಳಿದರು.

ದೊಡ್ಡಪ್ಪ ಆ ಫೋಟೊವನ್ನು ಬಹಳ ಹೊತ್ತು ನೋಡಿದ. ತಾನೇ ನಿಂತು ಮಾಡಿಸಿದ ಕೆಲಸ ಏನಾಯಿತೆಂದು ಅವನಿಗೆ ಆಗ ಅರ್ಥವಾಯಿತು.

"ಅದು ನಮ್ದೇ ತಪ್ಪು ಕಣ್ರವ್ವ" ಅಂದ. "ಆಪೀಸರು ಬತ್ತಾರೆ ಅಂದ್ರು, ಸುದ್ದವಾಗಿರ್ಲಿ ಅಂತ ನಾವೇ ಮಟ್ಟ ಒಡ್ಸುದ್ವಿ. ಕಲ್ಲೂ ನಾವೇ ಕಿತ್ತುದ್ದು."

"ಹೆಣ ಊತಿದ್ ಜಾಗ ಯಾರಾದ್ರೂ ಸಾರ್ಸಿ ಗುಡಿಸ್ತಾರೇನ್ಲಾ ಬೋರಯ್ಯ?" ಎಂದು ಕೆಂಪಯ್ಯ ಕೇಳಿದರು. ಮತ್ತೆ ನಗು. ದೊಡ್ಡಪ್ಪನಿಗಿಂತ ಹತ್ತು ವರ್ಷ ಚಿಕ್ಕವರು ಕೆಂಪಯ್ಯ.

ಮೇಡಮ್ ನಗಲಿಲ್ಲ. "ಸರ್ವೆಯವರು ಬಂದಾಗ ನಿಮ್ಮಲ್ಲಿ ಯಾರೂ ಇರಲಿಲ್ವಾ? ಅವರು ನಿಮ್ಮನ್ನ ಕೇಳಲಿಲ್ವಾ?"

ಚಂದನ ತಲೆ ಎತ್ತಿದಳು. ನನ್ನ ಪೆನ್ನು ನಿಂತಿತು. ದೊಡ್ಡಪ್ಪ ನನ್ನ ಕಡೆ ಒಂದು ಸಲವೂ ನೋಡದೆ ಹೇಳಿದ: "ಇಲ್ಲ ಕಣ್ರವ್ವ. ಆವತ್ತು ನಾವೆಲ್ಲ ಕಬ್ಬು ಕಡ್ಯಕ್ಕೆ ಓಗಿದ್ವಿ. ಅವ್ರದೇನೂ ತಪ್ಪಿಲ್ಲ. ಕೇಳಕ್ಕೆ ಅಲ್ಲಿ ಯಾರಿದ್ರು?"

ಬಿಳಿ ಶರ್ಟು ಹಾಕಿಕೊಂಡು ಇಪ್ಪತ್ತು ಮಾರು ದೂರದಲ್ಲಿ ಬೆಳಗಿನಿಂದ ನಿಂತಿದ್ದ ಮನುಷ್ಯ ಹೇಳಿದ ಮಾತು ಇದು. ಕೇಳದೆ ಗುರುತು ಹಾಕಿದವಳು ತಾನೂ ಆದ್ದರಿಂದ ಚಂದನ ಪರದೆಯ ಕಡೆ ತಿರುಗಿಕೊಂಡಳು. ನಾನು ಅದನ್ನು ನಡಾವಳಿಯಲ್ಲಿ ಬರೆದೆ. 'ಸರ್ವೆ ಸಮಯದಲ್ಲಿ ಗ್ರಾಮಸ್ಥರು ಯಾರೂ ಸ್ಥಳದಲ್ಲಿ ಇರಲಿಲ್ಲವೆಂದು ಸ್ವತಃ ಒಪ್ಪಿಕೊಂಡಿರುತ್ತಾರೆ.' ಅಕ್ಷರ ದುಂಡಗೆ ಬಂದವು. ಕೈ ನಡುಗಿತು ಎಂದು ಬರೆಯಲು ಈಗ ಆಸೆಯಾಗುತ್ತದೆ, ಆದರೆ ನಡುಗಲಿಲ್ಲ.

ಸಭೆ ಮುಗಿದ ಮೇಲೆ ದೊಡ್ಡಪ್ಪ ಆಕ್ಷೇಪಣೆಯ ಅರ್ಜಿಯನ್ನು ಎರಡು ಕೈಯಲ್ಲಿ ಹಿಡಿದು ನನ್ನ ಮೇಜಿನ ಮುಂದೆ ಬಂದ. "ಮೇಡಮ್ನೋರೆ, ಇದ್ಕೊಂದ್ ಸೀಲಾಕ್ಕೊಡಿ" ಅಂದ. ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು. ನಾನು ಸೀಲು ಹಾಕಿದೆ. ಅವನು ಬಗ್ಗಿ ಕೈ ಮುಗಿದ. ನನಗೆ ಆ ವೇದಿಕೆಯಿಂದ ಇಳಿದು ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು, ಇಳಿಯದೆ ಮುಂದಿನವರ ಅರ್ಜಿ ತೆಗೆದುಕೊಂಡೆ.

ಅವತ್ತೇ ಹೋಗಿ ಹೇಳಿದೆನೆ? ಇಲ್ಲ. ಎರಡು ವಾರ ಬೇಕಾಯಿತು. ಆಕ್ಷೇಪಣೆ ಸಲ್ಲಿಸಲು ನಾಲ್ಕು ದಿನ ಉಳಿದಿದ್ದಾಗ, ನಾನೂ ಒಂದು ಅರ್ಜಿ ಬರೆದು ಅರುಂಧತಿ ಮೇಡಮ್ ಕೈಗೆ ಕೊಟ್ಟೆ. ಬೋರೆಕೊಪ್ಪಲಿನ ಸೌಮ್ಯ, ತಂದೆ ದಿವಂಗತ ಮಹದೇವು, ಸದರಿ ಜಾಗದಲ್ಲಿ ನನ್ನ ತಂದೆಯನ್ನು ಹೂಳಲಾಗಿದೆ.

ಅವರು ಎರಡು ಸಲ ಓದಿದರು. "ಮತ್ತೆ ಖಾಲಿ ಜಾಗ ಅಂತ ಯಾಕೆ ಹಾಕಿದಿರಿ?"

"ಅದು ನಮ್ಮ ಕೇರಿದು ಅಂತ ಹೇಳೋಕೆ ನಾಚಿಕೆ ಆಯ್ತು ಮೇಡಮ್."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಂಪನಿಗೆ ಪತ್ರ ಹೋಗುತ್ತದೆ ಎಂದರು, ಹೋಗಲಿ ಎಂದೆ. ಆಮೇಲೆ ವಿಷಯ ಬಿಡಿಸಿ ಹೇಳಿದರು. ಜಾಗ ಮತ್ತೊಮ್ಮೆ ಪರಿಶೀಲಿಸಬಹುದು, ಆದರೆ ನನ್ನ ಮಾತೊಂದೇ ಸಾಲದು, ಫೋಟೊ ನನಗೆ ವಿರುದ್ಧವಾಗಿದೆ, ಕೇರಿಯವರೇ ಕಲ್ಲು ಕಿತ್ತಿದ್ದಾರೆ. ಪ್ರತಿ ಸಮಾಧಿ ಎಲ್ಲಿದೆ, ಯಾರದು ಎಂದು ಮನೆಯವರು ಸ್ಥಳದಲ್ಲೇ ನಿಂತು ತೋರಿಸಬೇಕು. ಆ ಪಟ್ಟಿ ಸರಿಯಿದ್ದರೆ ಹಳದಿ ಹೋಗುತ್ತದೆ, ಇಲ್ಲದಿದ್ದರೆ ಬಡಾವಣೆ ಬರುತ್ತದೆ.

ಆ ಸಂಜೆ ಚಂದನಳಿಗೂ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿ, "ನನ್ಗೆ ಹೇಳ್ಬೋದಾಗಿತ್ತಲ್ಲೇ" ಅಂದಳು. ನನಗೆ ಸಿಟ್ಟು ಬಂತು. ಹೇಳಿದ್ದರೆ ಇಂದ್ರಮ್ಮನ ಕಾಫಿ ಸಿಗುತ್ತಿತ್ತೇ ಎಂದು ಕೇಳಿದೆ. ಅವಳು ಮಡಚಿಟ್ಟ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚತೊಡಗಿದಳು.

ಐದು ತಿಂಗಳ ಮೇಲೆ ನಡೆದ ಮರುಪರಿಶೀಲನೆಗೆ ಕೇರಿಯೆಲ್ಲ ಬಂದಿತ್ತು. ದೊಡ್ಡಪ್ಪ ಹೊಂಗೆ ಮರಕ್ಕೆ ಬೆನ್ನು ಕೊಟ್ಟು ನಿಂತು, ಹೆಜ್ಜೆ ಎಣಿಸುತ್ತ ಹೊರಟ. "ಇಲ್ಲಿ ನಮ್ಮವ್ವ. ಇಲ್ಲಿಂದ ನಾಕ್ ಎಜ್ಜೆ, ನಮ್ ಅಂಕಯ್ಯ ಮಾವ. ಅವ್ನು ಉದ್ದಾಳು, ಗುಂಡಿ ಉದ್ದ ತೆಗ್ದಿದ್ವಿ." ಅವನು ನಿಂತಲ್ಲಿ ಆ ಮನೆಯವರು ಮುಂದೆ ಬಂದು ಹೌದು ಅನ್ನುತ್ತಿದ್ದರು. ಚಂದನ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ನಂಬರು ಬರೆಯುತ್ತಿದ್ದಳು, ನಾನು ಪಟ್ಟಿಗೆ ಹೆಸರು ಏರಿಸುತ್ತಿದ್ದೆ. ಒಂದರ ಹಿಂದೆ ಒಂದು ಬಿಳಿ ಚೌಕಗಳು ಎದ್ದು ಬಂದವು. ಅರುಂಧತಿ ಮೇಡಮ್ ಒಂದೆರಡು ಕಡೆ ಬೇಕೆಂದೇ ಅಡ್ಡ ಪ್ರಶ್ನೆ ಹಾಕಿದರು, ಯಾರೂ ತಡವರಿಸಲಿಲ್ಲ.

ಇಪ್ಪತ್ತೆರಡು ಆದ ಮೇಲೆ ಮೇಡಮ್ ನನ್ನ ಕಡೆ ತಿರುಗಿದರು. "ನಿಮ್ಮ ತಂದೆಯವರದು ಯಾವುದು ಸೌಮ್ಯ?"

ನನಗೆ ಗೊತ್ತಿರಲಿಲ್ಲ.

ಮಣ್ಣು ಮಾಡುವ ದಿನ ಹೆಣ್ಣುಮಕ್ಕಳು ಕೇರಿಯ ಕೊನೆಯಲ್ಲೇ ನಿಂತುಬಿಡುತ್ತೇವೆ. ಹಾಲುತುಪ್ಪ ಬಿಡುವ ಮೂರನೇ ದಿನ ಎಲ್ಲರೂ ಹೋಗುತ್ತಾರೆ. ಆ ದಿನ ನನಗೆ ಪರೀಕ್ಷೆಯಿತ್ತು, ಬಸ್ಸು ಹತ್ತಿದ್ದೆ. ಅದು ಒಂದು ದಿನದ ಲೆಕ್ಕ. ಉಳಿದ ಒಂಬತ್ತು ವರ್ಷಕ್ಕೆ ನನ್ನಲ್ಲಿ ಯಾವ ಪರೀಕ್ಷೆಯ ನೆಪವೂ ಇಲ್ಲ. ಊರಿಗೆ ಬಂದರೂ ಅವ್ವನನ್ನು ನೋಡಿ ಸಂಜೆಯ ಬಸ್ಸಿಗೆ ಓಡುತ್ತಿದ್ದೆ. ಅವ್ವ ಅಣ್ಣನ ಜೊತೆ ಮಳವಳ್ಳಿಗೆ ಹೋದ ಮೇಲೆ ಊರಿಗೆ ಬರುವುದೂ ನಿಂತಿತ್ತು.

ಗೊತ್ತಿಲ್ಲ ಎಂದು ಹೇಳಬಹುದಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಪ್ಪನ ಹೆಸರಿನಲ್ಲಿ ಅರ್ಜಿ ಬರೆದು ಇಷ್ಟು ಜನರನ್ನು ಕರೆಸಿದವಳು ನಾನು. ಹೊಂಗೆ ಮರದ ನೆರಳಿನ ಅಂಚಿನಲ್ಲಿ ಗುರುತು ಬೀಳದ ಒಂದು ಜಾಗ ಕಾಣಿಸಿತು. ಅಲ್ಲಿಗೆ ಕೈ ತೋರಿಸಿದೆ.

ಆ ಜಾಗದಲ್ಲಿ ಪಟ್ಟಲಮ್ಮ ಅತ್ತೆ ನಿಂತಿದ್ದಳು. ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಪ್ಪ ಅವಳ ಕಡೆ ನೋಡಿದ, ಅವಳು ಕಾಲ ಕೆಳಗಿನ ನೆಲ ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು.

"ಊಂ ಕಣ್ರವ್ವ, ಅದೇ" ಅಂದ ದೊಡ್ಡಪ್ಪ. "ಅದೇ ನಮ್ ಮಾದೇವುಂದು."

ಚಂದನ ಸುಣ್ಣ ಎಳೆದಳು. ಇಪ್ಪತ್ಮೂರು, ಮಹದೇವು ಎಂದು ನಾನು ಬರೆದೆ. ಸದ್ಯ ಬಚಾವಾದೆ ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ.

ನಲವತ್ತಾರಕ್ಕೆ ಪಟ್ಟಿ ಮುಗಿಯಿತು. ಸುಮ್ಮನೆ ನಿಂತಿದ್ದ ಪಟ್ಟಲಮ್ಮನನ್ನು ಮೇಡಮ್ ಕೇಳಿದರು: "ನಿಮ್ಮವರು ಯಾರೂ ಇಲ್ವೇನಮ್ಮ ಇಲ್ಲಿ?"

"ನಂದೇನಿಲ್ಲ ಬುಡಿ ಅವ್ವ" ಅಂದಳು ಅತ್ತೆ.

ಮೇಡಮ್ ಮತ್ತು ಚಂದನ ಜೀಪಿನ ಕಡೆ ಹೊರಟರು. ಪಟ್ಟಿಗೆ ಸಹಿ ಮಾಡಿಸಲು ನಾನು ದೊಡ್ಡಪ್ಪನ ಹತ್ತಿರ ಉಳಿದೆ. ಅವನು ಸಹಿ ಮಾಡಿ ಪೆನ್ನು ವಾಪಸ್ಸು ಕೊಟ್ಟು, ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದ: "ನಿಮ್ಮಪ್ಪ ಅಲ್ಲವ್ನೆ ಕಣವ್ವ, ಏರಿ ಕಡೆ, ಆ ಕೊನೇಲಿ. ಇನ್ನೊಂದ್ಸಲಿ ಬಂದಾಗ ತೋರುಸ್ತೀನಿ."

"ಮತ್ತೆ ಇದು?"

"ಅದು ಪಟ್ಟಲಮ್ಮನ ಕೂಸಿಂದು. ನೀನು ಉಟ್ಟಕ್ಕೆ ಮುಂಚೆ. ಅವ್ಳಿಗೆ ಆಮೇಲೆ ಮಕ್ಳಾಗ್ಲಿಲ್ಲ."

"ಯಾಕೆ ಹೇಳ್ಲಿಲ್ಲ ದೊಡ್ಡಪ್ಪ?"

"ಅಷ್ಟ್ ಜನದ್ ಮುಂದೆ ನಿನ್ ಮರ್ವಾದೆ ಓಗದಿಲ್ವಾ?" ಅಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. "ಅವ್ಳೇ ಸರ್ಕೊಂಡ್ಳಲ್ಲ, ಬುಡು."

ಪಟ್ಟಲಮ್ಮ ಅತ್ತೆ ಆ ಚೌಕದ ಹೊರಗೆ ಇನ್ನೂ ನಿಂತಿದ್ದಳು. ಇದ್ದೊಂದು ಮಗುವಿನ ಜಾಗದ ಮೇಲೆ ನನ್ನ ಅಪ್ಪನ ಹೆಸರು ಬೀಳುವುದನ್ನು ನೋಡಿಯೂ ಬಾಯಿ ಬಿಡದೆ ನಿಂತಿದ್ದಳು. ಈ ಜನರನ್ನು ನನ್ನವರು ಎಂದು ಹೇಳಲು ನಾನು ನಾಚಿಕೊಂಡಿದ್ದೆ. ಆ ನಾಚಿಕೆಗೆ ಇವರು ಎಷ್ಟು ಸಲ ತಮ್ಮದೇ ಸೆರಗು ಹೊದಿಸಿದ್ದರು. ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಜೀಪು ಸ್ಟಾರ್ಟ್ ಆಗಿತ್ತು. ನಾನು ಓಡಿಹೋಗಿ ಮುಂದೆ ನಿಂತೆ.

"ಮೇಡಮ್, ಇಪ್ಪತ್ಮೂರು ತಪ್ಪು. ಅದು ನಮ್ಮಪ್ಪಂದಲ್ಲ. ನಮ್ಮಪ್ಪನ ಜಾಗ ನನಗೆ ಗೊತ್ತಿರಲಿಲ್ಲ. ಸುಮ್ಮನೆ ತೋರಿಸಿಬಿಟ್ಟೆ."

ದೊಡ್ಡಪ್ಪ ಹಿಂದಿನಿಂದ "ಅವ್ವ, ಬುಡವ್ವ" ಅನ್ನುತ್ತಿದ್ದ. ಡ್ರೈವರು ಕೇಳಿಸಿಕೊಂಡ, ಕೇರಿಯವರೆಲ್ಲ ಕೇಳಿಸಿಕೊಂಡರು. ಏರಿಯ ಮೇಲೆ ಹೋಗುತ್ತಿದ್ದ ಕೆಂಪಯ್ಯ ಬೈಕ್ ನಿಲ್ಲಿಸಿ ಕೇಳಿಸಿಕೊಂಡರು. ಮೇಡಮ್ ಒಂದು ಹೆಸರು ತಪ್ಪಾದರೆ ಪಟ್ಟಿಯನ್ನೇ ಅನುಮಾನದಿಂದ ನೋಡಬೇಕಾಗುತ್ತದೆ ಎಂದು ಗದರಿದರು. ತಪ್ಪಿದವಳು ನಾನೊಬ್ಬಳೇ, ಕೇರಿಯವರು ಯಾರೂ ತಪ್ಪಿಲ್ಲ ಎಂದೆ, ಬರೆದು ಕೊಡುತ್ತೇನೆ ಎಂದೆ. ಅವರು ಇಳಿದು ಬಂದರು.

ಮತ್ತೆ ಎಲ್ಲರೂ ಹೊಂಗೆ ಮರದ ಹತ್ತಿರ ಸೇರಿದೆವು. ನಾನು ಮಹದೇವು ಎಂಬ ಹೆಸರನ್ನು ಹೊಡೆದುಹಾಕಿ, ದೊಡ್ಡಪ್ಪ ಏರಿ ಕಡೆ ತೋರಿಸಿದ ಜಾಗಕ್ಕೆ ನಲವತ್ತೇಳು ಎಂದು ಸೇರಿಸಿದೆ. "ಮಗುವಿನ ಹೆಸರೇನಮ್ಮ?" ಎಂದು ಮೇಡಮ್ ಪಟ್ಟಲಮ್ಮನನ್ನು ಕೇಳಿದರು.

"ಎಸ್ರು ಇಕ್ಕಿರ್ಲಿಲ್ಲ ಕಣ್ರವ್ವ. ಎಂಟ್ ದಿನದ್ದು."

"ಹಾಗಾದ್ರೆ ಏನಂತ ಬರೆಯೋದು?"

ಅತ್ತೆ ನನ್ನ ಕಡೆ ತಿರುಗಿದಳು. ಸಭೆಯ ದಿನದಿಂದ ಮೊದಲನೇ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು.

"ಸೌಮಿನ ಅಕ್ಕ ಅಂತ ಬರ್ಕೊ ಮಗ" ಅಂದಳು. "ಬದ್ಕಿದ್ರೆ ನಿನ್ನ ಎತ್ತಿ ಆಡುಸ್ತಿದ್ಲು."

ನಾನು ಹಾಗೇ ಬರೆದೆ. ಈ ಸಲ ಅಕ್ಷರ ದುಂಡಗೆ ಬರಲಿಲ್ಲ.